ಕಣಕಿ ಮುರಿದವಳು

ಮಡೆಪ್ಪ ಬೀದರಿನ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ಔರಾದಿಗೆ ಬಂದಾಗ ಹೀರಾಬಾಯಿ ಹಂಚಿನ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಸುದ್ದಿಯ ಬೆನ್ನಿಗೇ ಓಣಿಯ ಹೆಂಗಸರೂ ಬಂದರು. ಇಂಥ ಕೆಲಸಕ್ಕೆ ಜನರನ್ನು ಕರೆಯಬೇಕಾಗಿಲ್ಲ. ಒಬ್ಬಳು ಅವಳ ಹಿಟ್ಟಿನ ಕೈ ಹಿಡಿದಳು, ಇನ್ನೊಬ್ಬಳು ಬಳೆಗೆ ಕೈ ಹಾಕಿದಳು, ಮೂರನೆಯವಳು ಕುಂಕುಮ ಒರೆಸಲು ಸೆರಗು ಹಿಡಿದು ಹಣೆಯ ಹತ್ತಿರವೇ ಬಂದಳು. ಹೀರಾಬಾಯಿ ಕೊಸರಿಕೊಂಡು ಎದ್ದು ನಿಂತಳು.

“ಯಾರ ಗಂಡ ಸತ್ತಾನ? ನಂದೂ ಅವಂದೂ ಮುಗದು ಮೂವತ್ತು ವರ್ಷ ಆದವು. ಅವನ ಹೆಣ್ತಿ ಬ್ಯಾರೆ ಅದಾಳ. ಬಳಿ ಒಡಿಯೂದಿದ್ರ ಬಸ್ ಹತ್ತಿ ಅಲ್ಲಿ ಹೋಗ್ರಿ. ಇಲ್ಲಿ ರೊಟ್ಟಿ ಸುಟ್ಟು ಕರಕಲ ಆಗ್ಲತಾವ, ಸರೀರಿ!”

ಹೆಂಗಸರು ಗೊಣಗುತ್ತ ಹೋದರು. ದುಃಖವಾಯಿತೇ ಎಂದು ಯಾರಾದರೂ ಕೇಳಿದ್ದರೆ ಅವಳು ಹಂಚನ್ನೇ ಎತ್ತಿ ಒಗೆಯುತ್ತಿದ್ದಳು. ದುಃಖವಲ್ಲ, ಖರೆ. ಆದರೆ ಅವತ್ತಿನಿಂದ ಅವಳಿಗೆ ಕೂತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬಾಗಿಲಿಗೆ ಬರುವುದು, ಒಳಗೆ ಹೋಗುವುದು, ತುಂಬಿದ ಕೊಡವನ್ನೇ ಮತ್ತೆ ತುಂಬಲು ಎತ್ತಿಕೊಳ್ಳುವುದು. ಜತೆಗೆ ರೊಟ್ಟಿ ಬಡಿಯುವ ಅಕ್ತರಬೀ ಇದನ್ನೆಲ್ಲ ನೋಡಿ, “ನಿನಗೇನ ಇರುವಿ ಕಡದಾವೇನ ಹೀರಾ? ಒಂದ್ ಕಡಿ ಕೂಡ” ಎಂದು ಗದರಿದಳು.

ಹೀರಾಬಾಯಿ ಹುಟ್ಟಿದ್ದು ಔರಾದ ಕಡೆಯ ಕುರಿಮಂದಿಯ ಮನೆಯಲ್ಲಿ. ಮಳೆ ಬಂದರೆ ಜೋಳ ತೊಗರಿ, ಬಾರದಿದ್ದರೆ ಕುರಿ ಹೊಡೆದುಕೊಂಡು ದೂರದ ಊರು, ಇಷ್ಟೇ ಅವರ ಬದುಕು. ಅಂಥ ಮನೆಗೆ ಸರಕಾರಿ ನೌಕರಿಯ ಅಳಿಯ ಸಿಕ್ಕಾಗ ಅವಳ ಅಪ್ಪ ನೆಲದ ಮೇಲೆ ಕಾಲಿಟ್ಟು ನಡೆಯಲಿಲ್ಲ. ಭಾಲ್ಕಿ ತಾಲೂಕಿನ ಸಾಯಗಾಂವದ ಮಡೆಪ್ಪ ಬೀದರಿನ ಒಂದು ಕಚೇರಿಯಲ್ಲಿ ಜವಾನ. ಸಾಹೇಬರಿಗೆ ನೀರು ಕೊಡುವ, ಬಾಗಿಲು ಕಾಯುವ ಕೆಲಸವಾದರೂ ತಿಂಗಳ ಪಗಾರ, ಮುಪ್ಪಿನಲ್ಲಿ ಪಿಂಚಣಿ. ಹುಡುಗಿಯ ಬದುಕು ಗಟ್ಟಿಯಾಯಿತೆಂದು ಊರಿಗೆಲ್ಲ ಬೆಲ್ಲ ಹಂಚಿದರು.

ಗಂಡ ಬೀದರಿನಲ್ಲಿ, ಹೀರಾಬಾಯಿ ಸಾಯಗಾಂವದಲ್ಲಿ ಅತ್ತೆಯ ಕೈಕೆಳಗೆ. ವಾರಕ್ಕೊಮ್ಮೆ ಬರುತ್ತಿದ್ದವನು ತಿಂಗಳಿಗೊಮ್ಮೆ ಬರತೊಡಗಿದ. ಆಮೇಲೆ ಒಂದು ದಿನ ಬಂದವನ ಹಿಂದೆ ಉದ್ದ ಜಡೆಯ ಒಬ್ಬ ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಹೆಸರು ಸಿದ್ದೇಶ್ವರಿ. ಮಡೆಪ್ಪ ಟವೆಲು ಕೊಡವಿ ಕೂತು, ಎಮ್ಮೆ ಕೊಂಡು ತಂದವನ ಹಾಗೆ, “ಇಕಿನೂ ಇರ್ತಾಳ, ನೀನೂ ಇರು” ಎಂದ. ಉದಾರಿ ಮನುಷ್ಯ!

ಅವರ ಮಂದಿಯಲ್ಲಿ ಗಂಡ ಹೆಂಡತಿ ಬೇರೆಯಾಗುವುದಕ್ಕೆ ಕೋರ್ಟು ಕಚೇರಿ ಇರಲಿಲ್ಲ. ಕರಿ ಕಂಬಳಿ ಹಾಸಿ, ಭಂಡಾರದ ಅರಿಸಿನ ಚೆಲ್ಲಿ, ಹಿರಿಯರು ಅದರ ಮೇಲೆ ಕೂಡಬೇಕು. ನಡುವೆ ಒಂದು ಕಣಕಿ ಇಡಬೇಕು, ಅಂದರೆ ಜೋಳದ ಒಣಗಿದ ದಂಟು. ಗಂಡನಾದವನು ಅದನ್ನು ಎತ್ತಿಕೊಂಡು ಎಲ್ಲರ ಎದುರಿಗೆ ಮುರಿದು ಬೆನ್ನ ಹಿಂದೆ ಒಗೆದರೆ ಮುಗಿಯಿತು. ಕಾಗದವಿಲ್ಲ, ಹೆಬ್ಬೆಟ್ಟಿಲ್ಲ, ಠಸ್ಸೆ ಇಲ್ಲ. ಹೆಣ್ಣು ತವರಿಗೆ ಹೋಗುತ್ತಾಳೆ, ಬೇಕಾದರೆ ಇನ್ನೊಬ್ಬನನ್ನು ಮಾಡಿಕೊಳ್ಳುತ್ತಾಳೆ, ಯಾರೂ ಕೇಳುವಂತಿಲ್ಲ.

ಹೀರಾಬಾಯಿಯ ಅಪ್ಪ ಸಾಯಗಾಂವದ ಅಂಗಳದಲ್ಲಿ ಕಂಬಳಿ ಹಾಸಿಸಿದ. ಆದರೆ ಮಡೆಪ್ಪ ಕಣಕಿ ಮುಟ್ಟಲೊಲ್ಲ. “ನನಗ ಇಕಿ ಮ್ಯಾಲ ಏನೂ ಫಿರ್ಯಾದಿ ಇಲ್ಲರಿ. ನಾ ಯಾಕ ಮುರೀಲಿ?” ಎಂದು ಕೈ ಕಟ್ಟಿ ಕೂತ. ಹಿರಿಯರಿಗೂ ಅದು ಸರಿ ಕಂಡಿತು. ಹುಡುಗ ಒಳ್ಳೆಯವನು, ಇಬ್ಬರನ್ನೂ ಸಾಕುತ್ತೇನೆ ಅನ್ನುತ್ತಾನೆ, ಮತ್ತೇನು ಬೇಕು ಎಂದು ಎಲೆ ಅಡಿಕೆಗೆ ಕೈ ಹಾಕಿದರು. ಹೊರಗೆ ಹೆಂಗಸರ ನಡುವೆ ಕೂತಿದ್ದ ಹೀರಾಬಾಯಿ ಎದ್ದಳು. ಕಂಬಳಿಯ ಅಂಚು ತುಳಿದು ಒಳಗೆ ಬಂದಳು, ಕಣಕಿ ಎತ್ತಿಕೊಂಡಳು, ಮುರಿದಳು. ಎರಡೂ ತುಂಡು ಮಡೆಪ್ಪನ ಮುಂದೆಯೇ ಬಿದ್ದವು.

ಹೆಣ್ಣುಮಗಳು ಕಣಕಿ ಮುರಿದದ್ದನ್ನು ಆ ಗಂಡಸರು ಕಂಡಿರಲಿಲ್ಲ, ಕೇಳಿರಲಿಲ್ಲ. ಅದು ನಡೆಯುತ್ತದೆ ಎಂದು ಒಬ್ಬರೂ ಅನ್ನಲಿಲ್ಲ, ನಡೆಯುವುದಿಲ್ಲ ಎಂದೂ ಅನ್ನಲಿಲ್ಲ. ಅವಳ ಅಪ್ಪ ಮಗಳ ರಟ್ಟೆ ಹಿಡಿದು, “ನಡಿಯವ್ವಾ” ಎಂದ. ಕಂಬಳಿ ಮಡಚಿದರು.

ಮುಂದಿನ ಸುಗ್ಗಿಗೆ ಮಡೆಪ್ಪ ಅದೇ ಹಿರಿಯರನ್ನು ಕರೆದು ಸಿದ್ದೇಶ್ವರಿಗೆ ತಾಳಿ ಕಟ್ಟಿದ, ಅವರು ಹೋಳಿಗೆ ಉಂಡು ಬಂದರು. ಕಚೇರಿಯಲ್ಲಿ ಬರೆಸಿದ್ದ ಹೆಂಡತಿಯ ಹೆಸರನ್ನು ಬದಲಿಸುವ ಗೋಜಿಗೆ ಅವನು ಹೋಗಲಿಲ್ಲ. ಕಂಬಳಿಯ ಮೇಲೆ ಆದದ್ದು ಊರಿಗೆ ಗೊತ್ತು, ದೇವರಿಗೆ ಗೊತ್ತು, ಸರಕಾರಕ್ಕೆ ಬೇರೆ ಯಾಕೆ ಹೇಳಬೇಕು? ಇದು ಅವನೊಬ್ಬನ ತಿಳಿವಳಿಕೆಯಲ್ಲ, ಅವರ ಮಂದಿಯೆಲ್ಲ ಹಾಗೇ ತಿಳಿದಿದ್ದರು.

ಹೀರಾಬಾಯಿ ಔರಾದಿನಲ್ಲಿದ್ದ ಅಣ್ಣನ ಮನೆಗೆ ಬಂದಳು. ಒಂದು ಖಾನಾವಳಿಗೆ ರೊಟ್ಟಿ ಬಡಿಯಲು ಹೋದಳು. ಕೆಲವು ವರ್ಷಕ್ಕೆ ಮನೆಯ ಮುಂದಿನ ತಗಡಿನ ಕೋಣೆಯಲ್ಲಿ ತನ್ನದೇ ಹಂಚು ಹೂಡಿದಳು. ಸಂತಪೂರದವರೆಗೆ ಅವಳ ರೊಟ್ಟಿ ಹೋಗುತ್ತದೆ. ಅಣ್ಣನ ಮಗ ಓಂಪ್ರಕಾಶನನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದಳು, ಅಣ್ಣ ಸತ್ತ ಮೇಲೆ ಹುಡುಗನ ಮೋಟಾರು ಸಾಮಾನಿನ ಅಂಗಡಿಗೆ ಬಂಡವಾಳವನ್ನೂ ಹಾಕಿದಳು. ಯಾರಾದರೂ ಅವಳನ್ನು ಗಂಡ ಬಿಟ್ಟಾಕಿ ಎಂದರೆ ಮುಗಿದೇಹೋಯಿತು. “ಗಂಡ ಬಿಟ್ಟಾಕಿ ಅಲ್ಲ, ಗಂಡನ್ನ ಬಿಟ್ಟು ಬಂದಾಕಿ. ಕಣಕಿ ಮುರದಾಕಿ ನಾ” ಎಂದು ಅಲ್ಲಿಯೇ ತಿದ್ದುತ್ತಿದ್ದಳು. ಸಿಟ್ಟಿನಿಂದ ಹೇಳುತ್ತಿದ್ದಳೋ ಹೆಮ್ಮೆಯಿಂದಲೋ ಕೇಳಿದವರಿಗೆ ತಿಳಿಯುತ್ತಿರಲಿಲ್ಲ. ನನ್ನನ್ನು ಕೇಳಿದರೆ, ಹೆಮ್ಮೆಯಿಂದಲೇ. ಅಲ್ಲಿಯವರೆಗೆ ಬೇರೆಯವರು ಹೇಳಿದಂತೆ ನಡೆದವಳು ತಾನೇ ಎದ್ದು ಮಾಡಿದ ಮೊದಲ ಕೆಲಸ ಅದು.

ಈಗ ಕೈ ಸೋತಿತ್ತು. ಬಲಗೈ ಮಣಿಕಟ್ಟು ಬಾತು, ಮುಂಜಾನೆ ಎದ್ದರೆ ತಂಬಿಗೆ ಹಿಡಿಯಲು ಬರುತ್ತಿರಲಿಲ್ಲ. ಬೀದರಿನ ಡಾಕ್ಟರು ಎಲುಬಿನ ಫೋಟೋ ತೆಗೆಸಿ ನೋಡಿ, ರೊಟ್ಟಿ ಬಡಿಯುವುದನ್ನು ಬಿಡು, ಇಲ್ಲವಾದರೆ ಕೈಯನ್ನೇ ಬಿಡು ಎಂದಿದ್ದರು. ಅಕ್ತರಬೀಗೆ ಗಂಡ ಸತ್ತ ಮೇಲೆ ವಿಧವಾ ವೇತನ ಅಂತ ಸರಕಾರದ್ದು ಸ್ವಲ್ಪ ಬರುತ್ತಿತ್ತು. ಗಂಡನಿಂದ ಬಿಡುಗಡೆಯಾದ ಹೆಂಗಸರಿಗೂ ಏನೋ ಕೊಡುತ್ತಾರಂತೆ, ಅದಕ್ಕೆ ಕಾಗದ ತೋರಿಸಬೇಕು. ಹೀರಾಬಾಯಿಯ ಹತ್ತಿರ ಕಾಗದ ಎಲ್ಲಿಯದು?

ಮಡೆಪ್ಪ ಸತ್ತು ಕೆಲವು ತಿಂಗಳಾದ ಮೇಲೆ ಭಾಲ್ಕಿ ಕೋರ್ಟಿನ ನೋಟೀಸು ಬಂತು. ಮಡೆಪ್ಪನ ಪಿಂಚಣಿ ತನಗೆ ಬರಬೇಕೆಂದು ಸಿದ್ದೇಶ್ವರಿ ದಾವೆ ಹಾಕಿದ್ದಳು. ಓಂಪ್ರಕಾಶ ಅದನ್ನು ಓದಿ ಹೆಂಡತಿಗೆ ಚಹಾ ಇಡಲು ಹೇಳಿದ. ಸಕ್ಕರೆ ಜಾಸ್ತಿ ಹಾಕಲು ಹೇಳಿದ. ಮರುದಿನವೇ ಸೋದರತ್ತೆಯನ್ನು ಬೀದರಿನ ಬಸ್ಸಿಗೆ ಹತ್ತಿಸಿ ತಾನೂ ಹತ್ತಿದ.

ಮಡೆಪ್ಪನ ಕಚೇರಿಯ ಗುಮಾಸ್ತ ಎಳೆಯ ವಯಸ್ಸಿನವನು. ಹೀರಾಬಾಯಿಗೆ ಕುರ್ಚಿ ಕೊಟ್ಟು ನಿಧಾನವಾಗಿ ಹೇಳಿದ. “ನೋಡ್ರಿ ಬಾಯಿ, ನೌಕರ ಸತ್ತ ಮ್ಯಾಲ ಹೆಂಡತಿಗಿ ಕುಟುಂಬ ಪಿಂಚಣಿ ಬರ್ತದ, ಜೀವ ಇರೋತನ. ಖರೆ ಹೆಂಡತಿ ಯಾರು ಅನ್ನೂದೇ ಪ್ರಶ್ನಿ. ನಮ್ಮಲ್ಲಿ ನಿಮ್ಮ ಹೆಸರದ. ಮದಲಿನಾಕಿ ಕಾಯ್ದೆ ಪ್ರಕಾರ ಬಿಡುಗಡಿ ಆಗಿರದಿದ್ರ ಎರಡನೇಕಿಗಿ ಏನೂ ಇಲ್ಲ, ಎಷ್ಟ ವರ್ಷ ಸಂಸಾರ ಮಾಡಿದ್ರೂ ಇಲ್ಲ. ಬಿಡುಗಡಿ ಆಗಿದ್ರ ನಿಮಗ ಇಲ್ಲ, ಆಕಿಗಿ. ನಿಮ್ಮ ಮಂದಿ ಪದ್ಧತಿ ಪ್ರಕಾರ ಬಿಡುಗಡಿ ಆಗಿದ್ರೂ ಕಾಯ್ದೆ ಒಪ್ತದ, ಆದ್ರ ಅದನ್ನ ಕೋರ್ಟಿನಾಗ ರುಜು ಮಾಡಬೇಕು. ಕೋರ್ಟು ಯಾರ ಹೆಸರ ಹೇಳ್ತದ, ಅವರಿಗಿ ನಾವು ಕೊಡ್ತೇವಿ.”

“ಇಬ್ಬರಿಗೂ ಅರ್ಧ ಅರ್ಧ?” ಎಂದ ಓಂಪ್ರಕಾಶ.

“ಹಂಗ ಬರಂಗಿಲ್ಲ. ಹೆಂಡತಿ ಒಬ್ಬಾಕಿನೇ. ಮತ್ತ ಬಾಯಿ, ನಿಮಗ ಬಂದ್ರ ವರ್ಷಾ ವರ್ಷಾ ಜೀವಂತ ಅದೀನಿ, ಮಡೆಪ್ಪನ ವಿಧವಾ ಅದೀನಿ, ಮತ್ತ ಲಗ್ನ ಆಗಿಲ್ಲ ಅಂತ ಬರದು ಕೊಡಬೇಕಾಗ್ತದ.”

“ನಾ ಲಗ್ನ ಆಗಿಲ್ಲ ಅಂತ ವರ್ಷಾ ವರ್ಷಾ ಹೇಳಬೇಕು?” ಹೀರಾಬಾಯಿ ಕುರ್ಚಿಯಿಂದ ಎದ್ದಳು. “ಇದೇ ಬಾಗಿಲ ಕಾಯ್ಕೋತ ಅವಾ ಎರಡನೇದು ಆದನಲ್ಲ, ಅವನಿಗಿ ಕೇಳಿದ್ರೇನ ಯಾರಾರ?”

ಗುಮಾಸ್ತ ಪಾಪ, ಅವನು ಆಗ ಹುಟ್ಟಿಯೂ ಇರಲಿಲ್ಲ. ನೀರು ತರಿಸಿ ಕೊಟ್ಟ. ಅವಳು ಕುಡಿಯಲಿಲ್ಲ.

ಬಸ್ಸಿನಲ್ಲಿ ಓಂಪ್ರಕಾಶ ಅವಳ ಪಕ್ಕ ಕೂತು ಮೆತ್ತಗೆ ಮಾತು ತೆಗೆದ. “ಅತ್ತಿ, ಕಂಬಳಿ ಮ್ಯಾಲ ಕೂತವರು ಒಬ್ಬರೂ ಉಳದಿಲ್ಲ. ಕಣಕಿ ಗಿಣಕಿ ಏನೂ ಆಗೇ ಇಲ್ಲ ಅಂತ ಹೇಳಿಬಿಡು. ಅವಾ ಬಿಟ್ಟ ಹೋದ, ನಾ ತವರಿಗಿ ಬಂದೆ, ಅಷ್ಟೇ. ನಿನ್ನ ಕೈ ನೋಡ. ನಾಳೆ ನಾ ಹ್ಯಾಂಗ ಇರ್ತೇನಿ, ನನ್ನ ಮಂದಿ ಹ್ಯಾಂಗ ಇರ್ತಾರ, ಯಾರಿಗಿ ಗೊತ್ತು? ನಿನ್ನ ಪಗಾರ ನಿನಗ ಬಂದ್ರ ಯಾರ ಮಾರಿನೂ ನೋಡೂದು ಬ್ಯಾಡ.”

ಹುಡುಗನ ಮಾತಿನಲ್ಲಿ ಆಸೆಯೂ ಇತ್ತು, ಅಕ್ಕರೆಯೂ ಇತ್ತು. ಯಾವುದು ಎಲ್ಲಿ ಮುಗಿಯುತ್ತದೆ ಎಂದು ಅವನಿಗೇ ಗೊತ್ತಿರಲಿಲ್ಲ. ಹೀರಾಬಾಯಿ ಕಿಟಕಿಯ ಕಡೆ ತಿರುಗಿ, “ಕಣಕಿ ಮುರದೀನಿ. ಮುರದಿಲ್ಲ ಅಂತ ಹ್ಯಾಂಗ ಹೇಳಲಿ? ನನ್ನ ನಾಲಿಗಿ ಬಿದ್ದ ಹೋಗ್ತದ” ಎಂದಳು. ಆಮೇಲೆ ಮನೆಯಲ್ಲಿ ಜೋರಾಗಿಯೇ ಮಾತಾದವು. ಓಂಪ್ರಕಾಶನ ಹೆಂಡತಿ ಪಾತ್ರೆ ಇಡುವ ಸಪ್ಪಳದಲ್ಲೇ ತನ್ನ ಅಭಿಪ್ರಾಯ ತಿಳಿಸಿದಳು.

ಹೀರಾಬಾಯಿಗೆ ಸಂಕಟವಿರಲಿಲ್ಲ ಎಂದಲ್ಲ. ಕೈ ನೋಡಿಕೊಂಡರೆ ಹೆದರಿಕೆಯಾಗುತ್ತಿತ್ತು. ಸತ್ಯ ಹೇಳಿದರೆ ಹೊಟ್ಟೆಯ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡಂತೆ. ಆ ದಿನ ಆಗೇ ಇಲ್ಲ ಎಂದರೆ ತಾನು ಯಾರು? ಅಕ್ತರಬೀ ಒಬ್ಬಳೇ ಬುದ್ಧಿ ಹೇಳಲಿಲ್ಲ. “ನಾ ಆಗಿದ್ರ ರೊಕ್ಕಾ ತಗೋತಿದ್ದೆ. ಆದ್ರ ನಾ ಕಣಕಿ ಮುರದಾಕಿ ಅಲ್ಲಲ್ಲ” ಎಂದಷ್ಟೇ ಹೇಳಿ ಅವಳ ಪಾಲಿನ ಹಿಟ್ಟನ್ನೂ ತಾನೇ ನಾದಿದಳು.

ವಿಚಾರಣೆಯ ದಿನ ಭಾಲ್ಕಿಯಲ್ಲಿ ಬಸ್ಸಿಳಿದು ಮೊದಲು ವಕೀಲ ನಾಗಸೇನರ ಕೋಣೆಗೆ ಹೋದರು. ಓಂಪ್ರಕಾಶ ಗೊತ್ತುಮಾಡಿದ ವಕೀಲರು. ಬಿಡುಗಡೆ ಪದ್ಧತಿಯಂತೆ ಆಗಿಲ್ಲ ಎಂದು ಹೀರಾಬಾಯಿಯ ಪರವಾಗಿ ಅವರು ಆಗಲೇ ಕೋರ್ಟಿಗೆ ಬರೆದು ಕೊಟ್ಟಿದ್ದರು. ಹೀರಾಬಾಯಿ ಬಾಗಿಲಲ್ಲೇ ನಿಂತು, “ನಾ ಸುಳ್ಳ ಹೇಳಂಗಿಲ್ಲರಿ ಸಾಹೇಬ್ರ. ಕಣಕಿ ಮುರದದ್ದು ಖರೆ” ಎಂದಳು. ಓಂಪ್ರಕಾಶ ತಲೆಗೆ ಕೈ ಹಚ್ಚಿದ.

ನಾಗಸೇನರು ಪೆನ್ನಿನ ಮುಚ್ಚಳ ಹಾಕಿ ಕೇಳಿದರು. “ನಾನೂ ಸುಳ್ಳ ಹೇಳ್ರಿ ಅನ್ನಂಗಿಲ್ಲ. ಯಾರು ಮುರದ್ರು?”

“ಮತ್ತ ಯಾರ ಮುರೀತಾರ? ಅವಾ ಮುಟ್ಟಲಿಲ್ಲ. ನಾನೇ ಎದ್ದು ಹೋಗಿ ಮುರದೀನಿ.”

ವಕೀಲರ ಮುಖ ಅರಳಿತು. “ಹಂಗಾದ್ರ ಚಿಂತಿ ಯಾಕ? ಇದನ್ನೇ ಹೇಳ್ರಿ! ನಿಮ್ಮ ಪದ್ಧತ್ಯಾಗ ಗಂಡ ಮುರೀಬೇಕು. ಗಂಡ ಮುರದಿಲ್ಲಂದ್ರ ಅದು ಬಿಡುಗಡಿನೇ ಅಲ್ಲ. ನೀವು ಇವತ್ತಿಗೂ ಮಡೆಪ್ಪನ ಹೆಂಡತಿ. ಪಿಂಚಣಿ ನಿಮ್ಮದೇ. ಖರೆ ಹೇಳಿ ಗೆಲ್ಲೂ ಕೇಸು ನನಗ ವರ್ಷಕ್ಕ ಒಂದೂ ಬರಂಗಿಲ್ಲ ಬಾಯಿ!”

ಓಂಪ್ರಕಾಶ ಎದ್ದು ಅತ್ತೆಯ ಹೆಗಲು ಹಿಡಿದು ನಕ್ಕ. ಸತ್ಯವೂ ಉಳಿಯಿತು, ಪಿಂಚಣಿಯೂ ಬಂತು, ಇದಕ್ಕಿಂತ ಏನು ಬೇಕು? ಹೀರಾಬಾಯಿಯೂ ನಗಲು ನೋಡಿದಳು. ನಗು ಬರಲಿಲ್ಲ. ಕುಪ್ಪಸದೊಳಗೆ ಕುಸುಬಿಯ ಮುಳ್ಳು ಸೇರಿಕೊಂಡಂತೆ ಏನೋ ಚುಚ್ಚುತ್ತಿತ್ತು, ಎಲ್ಲಿ ಎಂದು ಕೈಗೆ ಸಿಗುತ್ತಿರಲಿಲ್ಲ. ಅವಳು ಕೋರ್ಟಿನ ಪಡಸಾಲೆಗೆ ಬಂದು ಈ ತುದಿಯಿಂದ ಆ ತುದಿಗೆ ಓಡಾಡತೊಡಗಿದಳು.

“ಹೀರಕ್ಕ ಅಲ್ಲೇನು?”

ಬೆಂಚಿನ ಮೇಲೆ ಬೋಳು ಹಣೆಯ ಒಬ್ಬ ಹೆಂಗಸು ಕೂತಿದ್ದಳು. ಬೆನ್ನು ಬಾಗಿತ್ತು, ಕೂದಲು ಬೆರಳಿನಷ್ಟು ಗಂಟಾಗಿತ್ತು. ಉದ್ದ ಜಡೆಯ ಹುಡುಗಿಯನ್ನು ಅವಳಲ್ಲಿ ಹುಡುಕಲು ಹೀರಾಬಾಯಿಗೆ ಹೊತ್ತು ಹಿಡಿಯಿತು.

“ಯಾರಿಗಿ ಅಕ್ಕ?”

“ಮತ್ತ ಏನಂತ ಕರೀಲಿ? ಸಾಹೇಬ್ರ ಅನ್ನಲೇನು?” ಸಿದ್ದೇಶ್ವರಿ ಸರಿದು ಜಾಗ ಮಾಡಿದಳು. “ನಿನ್ನ ಕಾಲ ಹಿಡೀಲಾಕ ಬಂದಿಲ್ಲ, ಅಂಜಬ್ಯಾಡ. ಮಗಳನ್ನ ಕಮಲನಗರಕ್ಕ ಕೊಟ್ಟೀನಿ, ಅವಳದು ಅವಳಿಗೇ ಸಾಲಂಗಿಲ್ಲ. ನಾ ಇಲ್ಲೇ ನಮ್ಮ ತಮ್ಮನ ಹಿತ್ತಲ ಕೋಣಿಯಾಗ ಅದೀನಿ. ಲಗ್ನದ ಮನ್ಯಾಗ ಭಾಂಡಿ ತೊಳೀತೇನಿ. ಅವರಿಗಿ ಲಕ್ವಾ ಹೊಡದು ನಾಕ ವರ್ಷ ಹಾಸಗಿ ಮ್ಯಾಲ ಇದ್ರು. ಎತ್ತೀನಿ, ತೊಳದೀನಿ, ತುತ್ತ ಮಾಡಿ ಉಣಸೀನಿ. ಕಚೇರಿಗಿ ಹೋದ್ರ ಆ ಹುಡುಗ ಕೇಳ್ತಾನ, ನೀವು ತೀರಿಕೊಂಡವರಿಗಿ ಏನಾಗಬೇಕು ಅಂತ. ಏನ ಹೇಳಲಿ? ನೀನೇ ಹೇಳಕ್ಕ, ನಾ ಏನಾಗಬೇಕು?”

“ನನಗೂ ಕೈ ಬಿದ್ದಾವ. ರೊಟ್ಟಿ ಬಡೀಲಾಕ ಬರಂಗಿಲ್ಲ” ಎಂದು ಹೀರಾಬಾಯಿ ಒರಟಾಗಿ ಹೇಳಿ ಮಣಿಕಟ್ಟು ತೋರಿಸಿದಳು. ಸಿದ್ದೇಶ್ವರಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿ ನೋಡಿ, “ಸುಣ್ಣಾ ಬೆಲ್ಲಾ ಹಚ್ಚಿ ನೋಡೀಯೇನು?” ಎಂದಳು. ರೋಗಿಯನ್ನು ಎತ್ತಿ ಇಳಿಸಿ ರೂಢಿಯಾದ ಕೈ, ನೋವಾಗದ ಹಾಗೆ ಹಿಡಿದಿತ್ತು. ಹೀರಾಬಾಯಿ ಕೈ ಎಳೆದುಕೊಂಡಳು. ತನ್ನ ವೈರಿಯ ಮೇಲೆ ಅವಳಿಗೆ ಸಿಟ್ಟು ಬೇಕಾಗಿತ್ತು, ಅದು ಸಮಯಕ್ಕೆ ಸರಿಯಾಗಿ ಕೈಕೊಟ್ಟಿತು.

ಒಳಗೆ ಕರೆದರು. ಮೊದಲು ಸಿದ್ದೇಶ್ವರಿಯ ಕಡೆಯವರು ಅವರ ಮಂದಿಯ ಹಿರಿಯ ಬಸವಣ್ಣೆಪ್ಪನನ್ನು ನಿಲ್ಲಿಸಿದರು. ಕಂಬಳಿಯ ದಿನ ಅವನು ಅಲ್ಲಿರಲಿಲ್ಲ, ಪದ್ಧತಿ ಹೇಗೆ ಎಂದು ಹೇಳಲು ಬಂದವನು. ಕಂಬಳಿ, ಭಂಡಾರ, ಕಣಕಿ ಎಲ್ಲವನ್ನೂ ಚೆನ್ನಾಗಿ ಹೇಳಿದ. ಆಗ ನಾಗಸೇನರು ಎದ್ದು ಒಂದೇ ಪ್ರಶ್ನೆ ಕೇಳಿದರು.

“ಹೆಣ್ಮಗಳು ಮುರದ್ರ?”

ಬಸವಣ್ಣೆಪ್ಪ ನಕ್ಕುಬಿಟ್ಟ. “ಹೆಣ್ಮಗಳು ಹ್ಯಾಂಗ ಮುರೀತಾಳ್ರಿ? ಆಕಿ ಮುರದ್ರ ಅದು ಮುರದಂಗಲ್ಲ. ಮಕ್ಕಳ ಆಟ ಅದು.”

ಸಿದ್ದೇಶ್ವರಿಯ ವಕೀಲರ ಮುಖ ಇಳಿಯಿತು. ನಾಗಸೇನರು ಸಂತೋಷದಿಂದ ಕೂತರು. ಮಕ್ಕಳ ಆಟ! ಹೀರಾಬಾಯಿಯ ಕಿವಿಯಲ್ಲಿ ಅದೇ ಮಾತು ಗುಂಯ್‌ಗುಟ್ಟಿತು. ಹಿಂದಿನ ಬೆಂಚಿನಲ್ಲಿ ಸಿದ್ದೇಶ್ವರಿ ಸೆರಗನ್ನು ಬಾಯಿಗೆ ಹಿಡಿದುಕೊಂಡಿದ್ದಳು. ಚುಚ್ಚುತ್ತಿದ್ದ ಮುಳ್ಳು ಹೀರಾಬಾಯಿಗೆ ಈಗ ಸಿಕ್ಕಿತು.

ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿದಳು. ಹೆಸರು, ಊರು, ಲಗ್ನದ ಮಾತು ಮುಗಿದವು. ಕಂಬಳಿ ಹಾಸಿದ್ದು ಖರೆ ಎಂದಳು, ಕಣಕಿ ಮುರಿದದ್ದು ಖರೆ ಎಂದಳು. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ತಾವೇ ಕೇಳಿದರು.

“ಕಣಕಿಯನ್ನು ಯಾರು ಮುರಿದರು, ಅಮ್ಮಾ?”

ಎಷ್ಟೋ ವರ್ಷದಿಂದ ಔರಾದಿನ ಓಣಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಕೊಟ್ಟ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ನಾನೇ ಅಂದರೆ ಸಾಕು. ಸತ್ಯವಾದ ಮಾತು. ಆ ಸತ್ಯ ಹೇಳಿದ ಮರುಗಳಿಗೆಗೆ ಕಾಯ್ದೆ ಅವಳನ್ನು ಹಿಡಿದು ಸಾಯಗಾಂವದ ಆ ಅಂಗಳಕ್ಕೆ ಒಯ್ದು, ನೀನು ಎದ್ದದ್ದೂ ಸುಳ್ಳು, ಮುರಿದದ್ದೂ ಸುಳ್ಳು, ಇಷ್ಟು ವರ್ಷ ನೀನು ಅವನ ಹೆಂಡತಿಯಾಗಿಯೇ ಇದ್ದೆ ಎಂದು ಕೂರಿಸುತ್ತದೆ. ಔರಾದಿನ ಹಂಚು, ಹೊಗೆ, ತಾನು ಗಳಿಸಿ ತಿಂದ ರೊಟ್ಟಿ ಎಲ್ಲವೂ ಮಡೆಪ್ಪನ ಹೆಂಡತಿಯದು. ಇನ್ನು ಮೇಲೆ ವರ್ಷಕ್ಕೊಮ್ಮೆ ಅವನ ವಿಧವೆ ಎಂದು ತಾನೇ ಬರೆದು ಕೊಡಬೇಕು. ತನ್ನ ವರ್ಷಗಳು ತನಗೆ ಬೇಕಾದರೆ ಆ ಒಂದು ದಿನವನ್ನು ಅವನಿಗೆ ಕೊಡಬೇಕು. ಎಂಥ ದಿನ! ಅವಳ ಹತ್ತಿರ ಇದ್ದದ್ದು ಅದೊಂದೇ. ಕೊಡಲು ಮನಸ್ಸು ಬರಲೊಲ್ಲದು.

“ಅಮ್ಮಾ?”

“ಅವರೇ ಮುರದ್ರು ಸಾಹೇಬ್ರ” ಎಂದಳು ಹೀರಾಬಾಯಿ. ಅವನಿಗೆ ಎಂದೂ ಹಚ್ಚದ ಬಹುವಚನವನ್ನೂ ಹಚ್ಚಿದಳು. “ಮಡೆಪ್ಪನವರು. ತಮ್ಮ ಕೈಲೆ ಮುರದು ಹಿಂದಕ ಒಗದ್ರು. ಹಿರ್ಯಾರೆಲ್ಲ ನೋಡ್ಯಾರ. ಅವತ್ತಿಗೇ ನಂದೂ ಅವರ್ದೂ ಮುಗೀತು.”

ನಾಗಸೇನರು ಎದ್ದು ನಿಂತರು, ಕೂತರು, ಮತ್ತೆ ಎದ್ದರು. ಇನ್ನೊಂದು ಸಲ ಯೋಚಿಸಿ ಹೇಳಿರಿ ಎಂದು ಬಗ್ಗಿ ಬಗ್ಗಿ ಕೇಳಿದರು. ಅವಳು ಮಾತು ಬದಲಿಸಲಿಲ್ಲ. ತೀರ್ಪು ಇನ್ನೂ ಬರಬೇಕು, ಆದರೆ ಬರುವುದು ಹೇಗೆ ಎಂದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು.

ಹೊರಗೆ ಬಂದ ಕೂಡಲೆ ವಕೀಲರು ಅವಳ ಎದುರು ನಿಂತರು. “ಏನ ಮಾಡಿದ್ರಿ ಬಾಯಿ? ಮುಂಜಾನೆ ಸುಳ್ಳ ಹೇಳಂಗಿಲ್ಲ ಅಂದ್ರಿ. ಪ್ರಮಾಣ ಮಾಡಿ ಸುಳ್ಳ ಹೇಳಿದ್ರಿ!”

“ನಾ ಖರೆ ಹೇಳಿದ್ರ ನೀವು ಎಲ್ಲಾರೂ ಕೂಡಿ ನನ್ನ ಅವನ ಹೆಣ್ತಿ ಅಂತಿದ್ರಿ. ಅದಕ್ಕಿಂತ ದೊಡ್ಡ ಸುಳ್ಳ ಯಾವದದ್ರಿ?”

ನಾಗಸೇನರು ಫೈಲು ಕಂಕುಳಲ್ಲಿ ಇಟ್ಟುಕೊಂಡು ಹೋದರು. ಓಂಪ್ರಕಾಶ ಅವಳ ಮುಖ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟಿದ್ದ. ಅವನ ಸಿಟ್ಟು ಎಷ್ಟು ದಿನದ್ದೋ, ಆ ಮನೆಯಲ್ಲಿ ತನ್ನ ಅನ್ನ ಎಷ್ಟು ದಿನದ್ದೋ. ಹೀರಾಬಾಯಿ ಬಿರಬಿರನೆ ನಡೆದಳು. ಬೆನ್ನ ಹಿಂದೆ ಚಪ್ಪಲಿಯ ಸಪ್ಪಳ ಕೇಳಿಸಿತು.

ಸಿದ್ದೇಶ್ವರಿ ಏದುಸಿರು ಬಿಡುತ್ತ ಬಂದು ಅವಳ ಸೆರಗು ಹಿಡಿದಳು. “ಅಕ್ಕಾ, ನೀ ಸುಳ್ಳ ಹೇಳಿದಿ.”

“ನಿನಗೇನ ಗೊತ್ತು? ನೀ ಅಲ್ಲಿ ಇದ್ದಿಯೇನು?”

“ನಾ ಇರಲಿಲ್ಲ. ಅವರು ಇದ್ರಲ್ಲ. ಲಕ್ವಾ ಹೊಡದು ಬಾಯಿ ಸೊಟ್ಟ ಆದ ಮ್ಯಾಲೂ ಅದನ್ನೇ ಹೇಳ್ತಿದ್ರು. ಅಷ್ಟ ಮಂದಿ ಗಂಡಸರ ನಡುವ ಬಂದು ಹೀರಾ ಮುರದ ಹೋದಳು, ನಾ ನೋಡ್ಕೋತ ಕೂತೆ ಅಂತ. ನಾ ಜರಾ ದನಿ ಎತ್ತಿದ್ರ ಸಾಕು, ನೀನೂ ಕಣಕಿ ಮುರೀತಿಯೇನು ಅಂತ ಅಂಜತಿದ್ರು. ಎಂದೂ ನನ್ನ ಮ್ಯಾಲ ಕೈ ಎತ್ತಲಿಲ್ಲ.”

ಹೀರಾಬಾಯಿ ನಡುರಸ್ತೆಯಲ್ಲಿ ನಿಂತಳು. ಆಟೋದವನು ಹಾರ್ನು ಹೊಡೆದು ಬೈದು ಹೋದ. ಅವಳಿಗೆ ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೇ ಬಂದು ಮುಖವೆಲ್ಲ ತೊಯ್ದುಹೋಯಿತು. ಔರಾದಿನ ಬಸ್ಸು ತಿರುವಿನಲ್ಲಿ ನಿಂತು ಜನರನ್ನು ಹತ್ತಿಸಿಕೊಳ್ಳುತ್ತಿತ್ತು, ಓಂಪ್ರಕಾಶ ಬಾಗಿಲಲ್ಲಿ ನಿಂತು ಇತ್ತಲೇ ನೋಡುತ್ತಿದ್ದ. ಅವಳು ಅವಸರದಿಂದ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

“ಪಿಂಚಣಿ ಕೈಗಿ ಬರೂತನ ಈ ಮಾತ ಯಾರ ಮುಂದೂ ಆಡಬ್ಯಾಡ.”

“ಇಲ್ಲಕ್ಕ. ಬಂದ ಮ್ಯಾಲ?”

ಹೀರಾಬಾಯಿ ನೋವಿನ ಕೈಯಿಂದಲೇ ಬಸ್ಸಿನ ಕಂಬಿ ಹಿಡಿದು ಮೆಟ್ಟಿಲ ಮೇಲೆ ಕಾಲಿಟ್ಟಳು.

“ಬಂದ ಮ್ಯಾಲ ಭಾಲ್ಕಿ ತುಂಬಾ ಹೇಳ್ಕೋತ ಹೋಗು.”